ಮೂರನೆಯ ಲೋಟ ಚಹಾ ಮತ್ತು ತಮ್ಮ ಸ್ವಾತಂತ್ರ್ಯದ ಡೇರೆ

ಸ್ವಾತಂತ್ರ್ಯೋತ್ಸವ ಸಮಿತಿಯ ಅಧ್ಯಕ್ಷರೂ ಆದ ಮಾನ್ಯ ಜಿಲ್ಲಾಧಿಕಾರಿಗಳೇ,

ತಾವು ಕಳಿಸಿದ ಆಹ್ವಾನ ತಲುಪಿತು. ನಮ್ಮ ಮಾರಿಟೇನಿಯದ ಸ್ವಾತಂತ್ರ್ಯ ದಿನವಾದ ನವೆಂಬರ್ ಇಪ್ಪತ್ತೆಂಟರ ಬೆಳಿಗ್ಗೆ ಬಾವುಟ ಏರಿಸಿದ ಮೇಲೆ 'ಸ್ವಾತಂತ್ರ್ಯದ ಅರ್ಥ' ಎಂಬ ವಿಷಯವಾಗಿ ನಾನು ಹತ್ತು ನಿಮಿಷ ಮಾತಾಡಬೇಕಂತೆ. ಮಾತಾಡುವ ಕಷ್ಟವೂ ನನಗೆ ಬೇಡವೆಂದು ಭಾಷಣವನ್ನು ತಮ್ಮ ಕಚೇರಿಯವರೇ ಬರೆದು ಲಗತ್ತಿಸಿದ್ದಾರೆ. ನಾನು ನಿಂತು ಓದಿದರೆ ಸಾಕು. ಓದುವುದಿಲ್ಲ. ಏಕೆಂದರೆ ಅದೇ ದಿನ ಮಧ್ಯಾಹ್ನ, ಅದೇ ಡೇರೆಯಲ್ಲಿ, ನನ್ನ ಅಕ್ಕನ ಮಗಳು ಯಾಗೂತಾಳನ್ನು ಮದುವೆಯ ಉಡುಗೊರೆಯಾಗಿ ಕೊಡಲಾಗುತ್ತದೆ. ಚಾಪೆ, ಚರ್ಮದ ದಿಂಬು, ಹಿತ್ತಾಳೆಯ ಚಹಾ ತಟ್ಟೆಗಳ ಜೊತೆ ಹದಿನೆಂಟು ವರ್ಷದ ಒಬ್ಬ ಹುಡುಗಿಯನ್ನೂ ವಾಹನಕ್ಕೆ ಹತ್ತಿಸಿ ಕಳಿಸಲಾಗುತ್ತದೆ. ಇದನ್ನು ತಡೆಯಿರಿ ಎಂದು ಹತ್ತು ದಿನಗಳ ಹಿಂದೆ ತಮ್ಮ ಬಾಗಿಲಿಗೆ ಬಂದಿದ್ದೆ. ತಾವು ತಡೆಯಲಿಲ್ಲ. ಆ ಮದುವೆಯ ಊಟಕ್ಕೆ ತಾವೇ ಮುಖ್ಯ ಅತಿಥಿಗಳೆಂದು ಆಮೇಲೆ ತಿಳಿಯಿತು.

ನಾನು ಯಾರೆಂದು ತಮಗೆ ಗೊತ್ತು, ಈ ಪತ್ರವನ್ನು ಪತ್ರಿಕೆಯಲ್ಲಿ ಓದುವ ಉಳಿದವರಿಗೆ ಹೇಳಿಬಿಡುತ್ತೇನೆ. ಈ ಜಿಲ್ಲೆಯ ಶಾಲೆಯಲ್ಲಿ ಇಪ್ಪತ್ತು ವರ್ಷಗಳಿಂದ ಮೇಷ್ಟ್ರು. ಹುಟ್ಟಿದ್ದು ಸೀದಾತಿ ಎಂಬ ದೊಡ್ಡ ಮನುಷ್ಯರ ಡೇರೆಗಳ ಹಿಂದೆ, ಮೇಕೆಗಳನ್ನು ಕಟ್ಟುವ ಕಡೆ. ನನ್ನ ತಾಯಿ ಆ ಮನೆಯ ತೊತ್ತು, ಆಕೆಯ ತಾಯಿಯೂ ಅದೇ. ದನಗಳೆಲ್ಲ ಸತ್ತುಹೋದ ಬರಗಾಲದಲ್ಲಿ ಸೀದಾತಿಯವರ ತಂದೆ ನಮ್ಮ ಗಂಡಸರನ್ನೂ ಗಂಡುಮಕ್ಕಳನ್ನೂ ಕರೆದು, "ಹೋಗ್ರೋ, ಎಲ್ಲಾದ್ರೂ ಬದುಕ್ಕೊಳ್ರಿ" ಎಂದರು. ನನಗಾಗ ಹನ್ನೊಂದು ವರ್ಷ. ಈ ದೇಶದಲ್ಲಿ ನನಗೆ ಸ್ವಾತಂತ್ರ್ಯ ಸಿಕ್ಕಿದ್ದು ಹೀಗೆ: ಉಣ್ಣುವ ಬಾಯಿ ಒಂದು ಕಡಿಮೆಯಾಗಲಿ ಎಂಬ ಲೆಕ್ಕದಲ್ಲಿ. ನನ್ನ ಅಕ್ಕ ಸೆಲೇಖಾಳನ್ನು ಮಾತ್ರ ಬಿಡಲಿಲ್ಲ. ಹೆಂಗಸರನ್ನು ಯಾರು ಬಿಡುತ್ತಾರೆ? ಅವರು ಹೆರುತ್ತಾರೆ, ಹಾಲು ಕೊಡುತ್ತಾರೆ. ನಾನು ಒಂದು ಲಾರಿಯ ಮೂಟೆಗಳ ಮೇಲೆ ಕೂತು ರಾಜಧಾನಿಗೆ ಹೋದೆ, ಹಮಾಲಿ ಮಾಡುತ್ತ ಓದಿದೆ, ಮೇಷ್ಟ್ರಾಗಿ ಇದೇ ಜಿಲ್ಲೆಗೆ ವಾಪಸು ಬಂದೆ. ಅಕ್ಕ ಬಾವಿಯಿಂದ ಡೇರೆಗೆ, ಡೇರೆಯಿಂದ ಬಾವಿಗೆ ನಡೆಯುತ್ತಲೇ ಇದ್ದಳು, ಈಗಲೂ ನಡೆಯುತ್ತಿದ್ದಾಳೆ.

ತಾವು ಹೇಳುತ್ತೀರಿ, ನಮ್ಮ ಮಾರಿಟೇನಿಯದಲ್ಲಿ ಗುಲಾಮಗಿರಿ ಇಲ್ಲ, ಅದನ್ನು ರದ್ದು ಮಾಡಿಯಾಗಿದೆ ಎಂದು. ನಿಜ, ಸ್ವಾಮಿ. ಎಷ್ಟು ಸಲ ರದ್ದಾಗಿದೆ ನೋಡಿ! ಫ್ರೆಂಚರು ಬಂದು ಒಂದು ಸಲ ರದ್ದು ಮಾಡಿದರು. ಅವರು ಹೋದ ಮೇಲೆ ಎಲ್ಲರೂ ಸಮಾನರೆಂದು ಸಂವಿಧಾನ ಬರೆದು ನಾವು ರದ್ದು ಮಾಡಿದೆವು. ಸಾಲದೆಂದು ಎಂಬತ್ತೊಂದರಲ್ಲಿ ಮತ್ತೆ ರದ್ದು ಮಾಡಿದೆವು. ಅದೂ ಸಾಲದೆಂದು ಈಚೆಗೆ ಜೈಲು ಶಿಕ್ಷೆಯ ಕಾನೂನು ತಂದೆವು. ಇಲ್ಲದ ವಸ್ತುವೊಂದನ್ನು ಇಷ್ಟು ಶ್ರದ್ಧೆಯಿಂದ, ಇಷ್ಟು ಬಾರಿ ರದ್ದು ಮಾಡಿದ ದೇಶ ಭೂಮಿಯ ಮೇಲೆ ಇನ್ನೊಂದು ಇದ್ದರೆ ತೋರಿಸಿ. ನಾಲ್ಕು ಸಲ ಹೂತ ಹೆಣ ಪ್ರತಿ ದಿನ ಬೆಳಿಗ್ಗೆ ಎದ್ದು ನನ್ನ ಅಕ್ಕನನ್ನು ಹೆಸರು ಹಿಡಿದು ಕರೆಯುತ್ತಿದೆಯಲ್ಲ, ಅದನ್ನು ಯಾವ ಇಲಾಖೆಗೆ ಬರೆದು ತಿಳಿಸಬೇಕು?

ನನ್ನ ಅಜ್ಜಿ ಬದುಕಿದ್ದಾಗ ಒಮ್ಮೆ ಕೇಳಿದ್ದೆ, ಸ್ವಾತಂತ್ರ್ಯ ಬಂದ ದಿನ ಹೇಗಿತ್ತು ಅಂತ. ಫ್ರೆಂಚರ ಬಾವುಟ ಇಳಿದು ನಮ್ಮ ಹಸಿರು ಬಾವುಟ ಏರಿದ ದಿನ ಆಕೆ ಇಲ್ಲೇ ಇದ್ದಳು. "ಅವತ್ತು ಜನ ಜಾಸ್ತಿ ಇದ್ರು ಕಣೋ, ಬಾವಿಗೆ ಎರಡು ಸಲ ಹೆಚ್ಚಿಗೆ ಹೋದೆ" ಎಂದಳು. ಆಕೆಗೆ ನೆನಪಿದ್ದದ್ದು ಅಷ್ಟೇ. ತಮ್ಮ ಕಚೇರಿಯವರು ಬರೆದ ಭಾಷಣದಲ್ಲಿ 'ವಿದೇಶಿಯರ ನೊಗ ಕಿತ್ತೆಸೆದ ನಾವು ಇನ್ನೆಂದೂ ಯಾರ ಮುಂದೆಯೂ ತಲೆಬಾಗೆವು' ಎಂಬ ಸಾಲಿದೆ. ಆ 'ನಾವು' ಎಂಬುದರಲ್ಲಿ ಯಾರ್‍ಯಾರು ಇದ್ದಾರೆ, ದಯವಿಟ್ಟು ಒಂದು ಪಟ್ಟಿ ಕಳಿಸಿಕೊಡಿ. ನನ್ನ ಅಜ್ಜಿ ಅದರಲ್ಲಿ ಇರಲಿಕ್ಕಿಲ್ಲ. ತಲೆಯ ಮೇಲೆ ನೀರು ಹೊತ್ತವಳು ಬಾಗಿದರೆ ಕೊಡ ಬೀಳುತ್ತದೆಂಬ ಕಾರಣಕ್ಕೆ ಮಾತ್ರ ಆಕೆ ತಲೆ ಎತ್ತಿಕೊಂಡು ನಡೆಯುತ್ತಿದ್ದಳು.

ಈಗ ಮದುವೆಯ ವಿಷಯ. ಮದುಮಗಳು ಸೀದಾತಿಯವರ ಮಗಳು ಮುನೀನಾ. ಅವಳು ಹುಟ್ಟಿದ ವಾರದಲ್ಲೇ ನನ್ನ ಅಕ್ಕ ಯಾಗೂತಾಳನ್ನು ಹೆತ್ತಳು. ಯಜಮಾನಿಗೆ ಹಾಲು ಬರಲಿಲ್ಲ. ಎರಡು ಕೂಸುಗಳಿಗೂ ಅಕ್ಕನೇ ಹಾಲೂಡಿದಳು. "ಮೊದಲು ಆ ಮಗೂಗೆ, ಉಳಿದಿದ್ದು ನನ್ನದಕ್ಕೆ" ಎಂದು ಅವಳು ನನಗೆ ಹೇಳಿದ್ದಾಳೆ, ಊಟಕ್ಕೆ ಬಡಿಸುವ ಕ್ರಮ ಹೇಳಿದಷ್ಟೇ ಸಲೀಸಾಗಿ. ಒಂದೇ ಎದೆಯ ಹಾಲು ಕುಡಿದವರು ಒಡಹುಟ್ಟಿದವರ ಹಾಗೆ, ಹಾಲಿನ ಸಂಬಂಧ ರಕ್ತಸಂಬಂಧದಷ್ಟೇ ಗಟ್ಟಿ ಎಂದು ನಮ್ಮ ಮಸೀದಿಗಳಲ್ಲಿ ಮಕ್ಕಳಿಗೂ ಹೇಳಿಕೊಡುತ್ತಾರೆ. ಹಾಗಾಗಿ ಮುನೀನಾ ಮತ್ತು ಯಾಗೂತಾ ಅಕ್ಕತಂಗಿಯರು. ಈಗ ಒಬ್ಬಳನ್ನು ಇನ್ನೊಬ್ಬಳಿಗೆ ಬಳುವಳಿ ಕೊಡುತ್ತಿದ್ದಾರೆ. ಹಾಲಿನ ಮಾತೇ ಏಕೆ ಬೇಕು? ಯಾಗೂತಾಳ ತಂದೆ ಯಾರೆಂದು ತಾವು ಕೇಳಲಿಲ್ಲ, ಸೀದಾತಿಯವರು ಹೇಳಲಿಲ್ಲ, ಅಕ್ಕನನ್ನು ಕೇಳುವ ಧೈರ್ಯ ಈ ಹದಿನೆಂಟು ವರ್ಷಗಳಲ್ಲಿ ನನಗೂ ಬಂದಿಲ್ಲ. ಇಪ್ಪತ್ತೆಂಟರಂದು ತಾವು ಊಟಕ್ಕೆ ಕೂತಾಗ ಆ ಇಬ್ಬರು ಹುಡುಗಿಯರ ಮುಖಗಳನ್ನು ಒಂದು ಸಲ ನೋಡಿ, ಆಮೇಲೆ ಸೀದಾತಿಯವರ ಮೂಗು ನೋಡಿ. ನೋಡಿದ ಮೇಲೂ ಮಾಂಸದ ತುಂಡು ಗಂಟಲಲ್ಲಿ ಇಳಿದರೆ, ತಮ್ಮ ಗಂಟಲಿಗೆ ಶರಣು.

ದೂರು ಕೊಡಲು ಬಂದ ದಿನ ತಮ್ಮ ಗುಮಾಸ್ತರು ಯಾಗೂತಾಳ ಹೆಸರು ಬರೆದುಕೊಳ್ಳಲು ಒಪ್ಪಲಿಲ್ಲ. "ಮೇಷ್ಟ್ರೇ, ಅವಳ ಜನನ ಪತ್ರ ಎಲ್ಲಿ? ಹುಟ್ಟಿದ್ದಕ್ಕೆ ದಾಖಲೆ ಇಲ್ಲ ಅಂದ್ಮೇಲೆ ಅವಳು ಇದ್ದಾಳೆ ಅಂತ ನಾನು ಹೇಗೆ ಬರೀಲಿ?" ಎಂದರು. ಗೇಲಿಗೆ ಹೇಳಿದ್ದಲ್ಲ, ನಿಜವಾಗಿ ಅವರಿಗೆ ಪೇಚಾಟವಾಗಿತ್ತು. ಕಾಗದದಲ್ಲಿ ಇಲ್ಲದವಳ ಮೇಲೆ ಅನ್ಯಾಯವಾಗಿದೆ ಎಂದು ದೂರು ಕೊಡಲು ಬರುವುದಿಲ್ಲ. ಕಾಗದದಲ್ಲಿ ಇಲ್ಲದವಳನ್ನು ಉಡುಗೊರೆ ಕೊಡಲು ಮಾತ್ರ ಯಾವ ಅಡ್ಡಿಯೂ ಇಲ್ಲ. ಕಡೆಗೆ ಸೆಲೇಖಾಳ ಹೆಸರಲ್ಲಿ ದೂರು ಬರೆದುಕೊಟ್ಟೆ. ಅಲ್ಲಿಗೆ ನನ್ನ ಮೊದಲನೆಯ ತಪ್ಪು ಮುಗಿಯಿತು.

ಎರಡನೆಯ ತಪ್ಪು ತಮ್ಮ ಅಂಗಳದಲ್ಲಿ ನಡೆಯಿತು. ತಾವು ವಿಚಾರಣೆ ಎಂದು ಕರೆದಿರಿ. ಬಂದು ನೋಡಿದರೆ ಚಾಪೆ ಹಾಸಿತ್ತು, ದಿಂಬು ಇಟ್ಟಿತ್ತು, ಸೀದಾತಿಯವರು ತಮ್ಮ ಬಲಗಡೆ ಒರಗಿದ್ದರು. ನನ್ನ ಅಕ್ಕನನ್ನು ಸೀದಾತಿಯವರದೇ ವಾಹನದಲ್ಲಿ ಕರೆತಂದಿದ್ದರು. ಯಾರ ವಿಷಯವಾಗಿ ವಿಚಾರಣೆಯೋ ಅವಳು ಮೂಲೆಯಲ್ಲಿ ಇದ್ದಿಲ ಒಲೆಯ ಮುಂದೆ ಕೂತು ಚಹಾ ಕಾಸುತ್ತಿದ್ದಳು! ತಾವು ನನ್ನನ್ನು ನೋಡಿ ನಕ್ಕು, "ಬನ್ನಿ ಮೇಷ್ಟ್ರೇ, ಜಗಳ ಯಾಕೆ, ಮನುಷ್ಯರ ಥರ ಕೂತು ಮಾತಾಡೋಣ" ಎಂದಿರಿ. ಮನುಷ್ಯರೆಲ್ಲ ಕೂತೆವು. ಅವಳು ಲೋಟದಿಂದ ಲೋಟಕ್ಕೆ ಎತ್ತರದಿಂದ ಸುರಿದು ನೊರೆ ಎಬ್ಬಿಸುತ್ತಿದ್ದಳು.

ಆಗ ತಾವು ಕೇಳಿದ ಪ್ರಶ್ನೆಗಳು ನನಗೆ ಬಾಯಿಪಾಠ ಆಗಿವೆ.

"ಏನಮ್ಮಾ ಸೆಲೇಖಾ, ನೀನು ಇವರ ತೊತ್ತೇನು?"

"ಅಯ್ಯೋ ದೇವರೇ, ಹಾಗೆಲ್ಲ ಅನ್ನಬಾರದು ಸ್ವಾಮಿ. ನಾನು ಈ ಮನೆಯವಳು."

"ನಿನ್ನನ್ನ ಯಾರಾದ್ರೂ ಹೊಡೀತಾರಾ?"

"ಇಲ್ಲ ಸ್ವಾಮಿ. ಹೊಡೆಸ್ಕೊಳ್ಳೋ ಅಂಥ ತಪ್ಪು ನಾನು ಮಾಡೋದಿಲ್ಲ."

ತಮ್ಮ ಗುಮಾಸ್ತರು 'ಇಲ್ಲ' ಎಂಬಷ್ಟನ್ನು ಮಾತ್ರ ಬರೆದುಕೊಂಡರು. ಉಳಿದದ್ದು ಅವರ ಕಿವಿಗೆ ಬೀಳಲಿಲ್ಲವೋ, ಪುಸ್ತಕದಲ್ಲಿ ಜಾಗ ಇರಲಿಲ್ಲವೋ ತಿಳಿಯದು. ಸೀದಾತಿಯವರು ಕೈ ಚೆಲ್ಲಿ, "ಕೇಳಿದ್ರಾ ಸಾಹೇಬ್ರೇ? ಇವಳು ನನ್ನ ಮಗಳಿಗೆ ಹಾಲು ಕೊಟ್ಟ ತಾಯಿ. ಹುಡುಗಿಯರಿಬ್ಬರೂ ಅಂಟಿಕೊಂಡೇ ಬೆಳೆದವರು. ಒಬ್ಬಳು ಹೋದ ಕಡೆ ಇನ್ನೊಬ್ಬಳು ಹೋಗದೆ ಇರ್ತಾಳಾ? ಇದರಲ್ಲೂ ಈ ಮೇಷ್ಟ್ರಿಗೆ ರಾಜಕೀಯ ಕಾಣ್ಸುತ್ತೆ!" ಎಂದರು. ತಾವು ಮನಸಾರೆ ತಲೆಯಾಡಿಸಿದಿರಿ.

ಮನೆಯವಳು ಎಂದರೆ ಏನರ್ಥ, ಸ್ವಾಮಿ? ಮನೆಯವಳಾದರೆ ಆಕೆ ಯಾವ ತಟ್ಟೆಯಲ್ಲಿ ಉಣ್ಣುತ್ತಾಳೆ, ಎಲ್ಲರ ಜೊತೆಗೋ, ಎಲ್ಲರದೂ ಆದ ಮೇಲೋ? ಮನೆಯವಳಾದರೆ ಸೀದಾತಿಯವರ ತಂದೆ ತೀರಿಕೊಂಡಾಗ ಅವಳ ಪಾಲಿಗೆ ಒಂದು ಕುಂಟು ಮೇಕೆಯಾದರೂ ಏಕೆ ಬರಲಿಲ್ಲ? ನನ್ನ ತಾಯಿ ತೀರಿಕೊಂಡಾಗ ಅವಳ ಎರಡು ಬೆಳ್ಳಿ ಬಳೆಗಳು ಆ ಮನೆಯ ಯಜಮಾನಿಯ ಕೈ ಸೇರಿದ್ದು ಹೇಗೆ? ಹುಡುಗಿಯರಿಬ್ಬರೂ ಅಂಟಿಕೊಂಡೇ ಬೆಳೆದರು, ಒಪ್ಪಿದೆ. ಹಾಗಾದರೆ ಒಂದೇ ಒಂದು ಸಲ ತಿರುವು ಮುರುವು ಮಾಡಿ ನೋಡೋಣ. ಯಾಗೂತಾಳಿಗೆ ಮದುವೆ ಮಾಡಿ, ಅವಳ ಸಾಮಾನಿನ ಜೊತೆ ಮುನೀನಾಳನ್ನು ಕಳಿಸಿಕೊಡಲಿ. ಬೆಳಗಾಗುವ ಮೊದಲೇ ಎದ್ದು ಸಜ್ಜೆ ಕುಟ್ಟಲು. ತಂಗಿ ಅಲ್ಲವೇ? ಅಂಟಿಕೊಂಡೇ ಬೆಳೆದವಳಲ್ಲವೇ? ಇದನ್ನು ಓದಿ ತಮಗೆ ಮೈ ಉರಿದರೆ, ಆ ಉರಿಯನ್ನು ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡಿರಿ. ತಮ್ಮ ವಿಚಾರಣೆಯಲ್ಲಿ ಇಲ್ಲದಿದ್ದದ್ದು ಅದೊಂದೇ.

ಈ ಸೀಮೆಯಲ್ಲಿ ಚಹಾದ ಪದ್ಧತಿ ತಮಗೆ ಹೇಳಿಕೊಡಬೇಕಾಗಿಲ್ಲ. ಮೂರು ಲೋಟ. ಎರಡಕ್ಕೆ ಎದ್ದುಹೋದರೆ ಅವಮಾನ. ಜಗಳದ ಎರಡೂ ಕಡೆಯವರು ಒಂದೇ ತಟ್ಟೆಯಿಂದ ಮೂರನೆಯ ಲೋಟ ಕುಡಿದರೆಂದರೆ ಮಾತು ಮುಗಿಯಿತು, ಮತ್ತೆ ಯಾರೂ ಎತ್ತುವ ಹಾಗಿಲ್ಲ. ಇದು ನನಗೂ ಗೊತ್ತಿತ್ತು. ಮೊದಲ ಲೋಟ ಕುಡಿದೆ, ಎರಡನೆಯದನ್ನೂ ಕುಡಿದೆ, ಮೂರನೆಯದು ಬರುವ ಮೊದಲು ಎದ್ದುಬಿಡಬೇಕೆಂದು ಮೊಣಕಾಲು ಊರಿದ್ದೆ. ಅಷ್ಟರಲ್ಲಿ ಸೆಲೇಖಾ ಲೋಟ ಹಿಡಿದು ನನ್ನ ಮುಂದೆಯೇ ಬಂದು ಬಗ್ಗಿದಳು. ಇಪ್ಪತ್ತು ವರ್ಷಗಳಿಂದ ಇದೇ ಜಿಲ್ಲೆಯಲ್ಲಿದ್ದೂ ಅವಳನ್ನು ಅಷ್ಟು ಹತ್ತಿರದಿಂದ ನೋಡಿದ್ದು ಕೈಬೆರಳಲ್ಲಿ ಎಣಿಸುವಷ್ಟು ಸಲ. "ಕುಡಿ ಮೌಲೂದ್, ಆರಿಹೋಗುತ್ತೆ" ಎಂದಳು. ಅದೇ ದನಿ. ಚಿಕ್ಕವನಿದ್ದಾಗ ಯಜಮಾನರ ತಟ್ಟೆಯಲ್ಲಿ ಉಳಿದದ್ದನ್ನು ಸೆರಗಲ್ಲಿ ಮುಚ್ಚಿ ತಂದು "ತಿನ್ನು, ಬೇಗ ತಿನ್ನು" ಎನ್ನುತ್ತಿದ್ದ ದನಿ. ಆ ಕೈಯನ್ನು ನಾನು ತಳ್ಳಲಾರದೆ ಹೋದೆ. ಕುಡಿದುಬಿಟ್ಟೆ. ತಮ್ಮ ನಡಾವಳಿ ಪುಸ್ತಕದಲ್ಲಿ ಕೊನೆಯ ಸಾಲು ಹೀಗಿದೆ: 'ಉಭಯ ಪಕ್ಷದವರೂ ಮೂರು ಲೋಟ ಚಹಾ ಸ್ವೀಕರಿಸಿದ್ದು, ಪ್ರಕರಣ ಸೌಹಾರ್ದದಿಂದ ಮುಕ್ತಾಯಗೊಂಡಿದೆ.'

ತಮಗೆ ಎಷ್ಟು ಚೆನ್ನಾಗಿ ಗೊತ್ತಿತ್ತು, ಯಾರ ಕೈಯಲ್ಲಿ ಲೋಟ ಕೊಡಿಸಿದರೆ ನಾನು ಬೇಡ ಎನ್ನುವುದಿಲ್ಲವೆಂದು! ಕೋಪ ಬಂದಿದ್ದರೆ ಇಷ್ಟು ಹೊತ್ತಿಗೆ ಇಳಿಯುತ್ತಿತ್ತು. ನನಗೆ ಹೇಸಿಗೆಯಾಗಿದೆ. ಒಬ್ಬ ಹೆಂಗಸಿನ ಬಿಡುಗಡೆಯ ವಿಚಾರಣೆಗೆ ಅವಳಿಂದಲೇ ಚಹಾ ಕಾಸಿಸಿ, ಅವಳ ಕೈಯಿಂದಲೇ ಬಾಗಿಲು ಮುಚ್ಚಿಸಿದಿರಲ್ಲ, ಅದನ್ನು ನೆನೆದಾಗಲೆಲ್ಲ ಆ ಸಿಹಿ ಮತ್ತೆ ನಾಲಿಗೆಯ ಮೇಲೆ ಬರುತ್ತದೆ. ನನ್ನ ಮೇಲೂ ನನಗೆ ಹೇಸಿಗೆಯಿದೆ. ಅದನ್ನು ಮುಚ್ಚಿಡುವುದಿಲ್ಲ.

ವಿಚಾರಣೆಯಾಗಿ ಮೂರು ದಿನ ಕಳೆದು ಅಕ್ಕ ಮಗಳನ್ನೂ ಕರೆದುಕೊಂಡು ಶಾಲೆಯ ಹಿಂದಿನ ಬಾವಿಗೆ ಬಂದಳು. ಡೇರೆಗಳಿಗೆ ನೀರು ಬೇಕಿತ್ತು, ತಮ್ಮ ಡೇರೆಗಳಿಗೆ. ಉತ್ಸವಕ್ಕೆಂದು ಸೀದಾತಿಯವರು ಉದಾರವಾಗಿ ಕೊಟ್ಟಿರುವ ಆ ಏಳು ಡೇರೆಗಳನ್ನು ಹೊತ್ತು ತಂದು, ಗೂಟ ಹೊಡೆದು ನಿಲ್ಲಿಸುತ್ತಿರುವವರು ನನ್ನ ಅಕ್ಕ ಮತ್ತು ಅವಳಂಥ ಹನ್ನೊಂದು ಜನ. ಬೆಳಿಗ್ಗೆ ಅಲ್ಲಿ ರಾಷ್ಟ್ರಗೀತೆ, ಮಧ್ಯಾಹ್ನ ಮದುವೆ. ಡೇರೆ ಕಿತ್ತು ಮತ್ತೆ ಹಾಕುವ ಶ್ರಮ ಉಳಿಯಿತೆಂದು ಎಲ್ಲರಿಗೂ ಸಂತೋಷ.

"ಅವತ್ತು ಯಾಕಕ್ಕ ಹಾಗಂದೆ?" ಎಂದು ಕೇಳಿದೆ.

ಅಕ್ಕ ಹಗ್ಗ ಎಳೆಯುವುದನ್ನು ನಿಲ್ಲಿಸಲಿಲ್ಲ. "ಇನ್ನೇನನ್ನಲಿ? ಯಜಮಾನ್ರು ಎದುರಿಗೇ ಕೂತಿದ್ರು, ಮಗಳು ಡೇರೆಲಿದ್ಲು. ತೊತ್ತು ಹೌದು ಅಂದಿದ್ರೆ ಸಂಜೆ ಯಾರ ಜೊತೆ ವಾಪಸ್ ಹೋಗಬೇಕಿತ್ತು ನಾನು? ನಿನ್ನ ಜಿಲ್ಲಾಧಿಕಾರಿ ಅವರ ಮನೆಗೆ ಕರ್ಕೊಂಡು ಹೋಗ್ತಿದ್ರಾ?"

"ಮತ್ತೆ ಆ ಮೂರನೇ ಲೋಟ?"

"ಕುಡಿಸಲಿಲ್ಲ ಅಂದ್ರೆ ಇವತ್ತೇ ಹುಡುಗೀನ ಗಂಡಿನ ಕಡೆಗೆ ಕಳಿಸಿಬಿಡ್ತೀನಿ ಅಂದಿದ್ರು ಯಜಮಾನ್ರು. ಮದುವೆ ತನಕ ಹತ್ತು ದಿನ ಉಳಿಸ್ಕೊಂಡೆ ಕಣೋ. ಓದಿದವನು ನೀನು, ಈ ಹತ್ತು ದಿನದಲ್ಲಿ ಏನಾದ್ರೂ ಮಾಡ್ತೀಯ ಅಂದ್ಕೊಂಡೆ. ದೂರಲ್ಲಿ ಹೋಗಿ ಹೋಗಿ ನನ್ನ ಹೆಸರು ಬರೆದು ಕೊಟ್ಟೆಯಲ್ಲೋ ಪುಣ್ಯಾತ್ಮ! ನಂದಾಯ್ತು, ಬಿಡು. ಇವಳದ್ದು ಬರೀಬೇಕಿತ್ತು."

ಯಾಗೂತಾ ತೊಗಲಿನ ಚೀಲದ ಬಾಯಿ ಕಟ್ಟುತ್ತಿದ್ದಳು. ತಮಾಷೆಯ ಹುಡುಗಿ, ತಾಯಿಯ ಹಾಗಲ್ಲ. "ಮಾವ, ಬಾವುಟ ಏರುವಾಗ ನಾವೆಲ್ಲ ಖುಷಿಗೆ ನಾಲಿಗೆ ಆಡಿಸಿ ಜೋರಾಗಿ ಉಲುಲು ಅಂತ ಕೂಗಬೇಕಂತೆ. ದಿನಾ ಸಾಯಂಕಾಲ ನಮಗೆ ಅಭ್ಯಾಸ ಮಾಡಿಸ್ತಿದ್ದಾರೆ. ಮದುಮಗಳ ಗಾಡಿ ಹೊರಡುವಾಗಲೂ ಕೂಗಬೇಕು. ಆದರೆ ಆ ಗಾಡೀಲಿ ನಾನೂ ಇರ್ತೀನಲ್ಲ, ನನಗೆ ನಾನೇ ಕೂಗ್ಕೊಳ್ಳಲಾ?" ಎಂದು ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಮುನೀನಾ ಒಳ್ಳೇಳೇ ಮಾವ. ಅವಳ ಗಂಡ ಹೇಗೋ ನಂಗೊತ್ತಿಲ್ಲ" ಎಂದಳು. ತಾಯಿ ತಟ್ಟನೆ ಮುಖ ತಿರುಗಿಸಿದಳು. ಆ ಕೊನೆಯ ಮಾತು ನನ್ನನ್ನು ನಿದ್ದೆ ಮಾಡಲು ಬಿಡುತ್ತಿಲ್ಲ. ಯಾಗೂತಾ ಹುಟ್ಟಿದ್ದು ಹೇಗೆಂದು ತಾಯಿಗೆ ಗೊತ್ತು, ಮಗಳಿಗೂ ಗೊತ್ತು. ಅದೇ ಮತ್ತೆ ನಡೆದೀತೆಂಬ ಭಯವೊಂದೇ ಈಗ ಇಬ್ಬರಿಗೂ.

ಈ ಮಾತುಗಳನ್ನು ಪತ್ರಿಕೆಯಲ್ಲಿ ಬರೆಯಲೇ ಎಂದು ಅಕ್ಕನನ್ನು ಕೇಳಿಯೇ ಬರೆಯುತ್ತಿದ್ದೇನೆ. ಬೇಡ ಎನ್ನುತ್ತಾಳೆ ಅಂದುಕೊಂಡಿದ್ದೆ. "ಬರಿ. ನಾಲ್ಕು ಜನಕ್ಕೆ ಗೊತ್ತಾದ್ರೆ ಕೈ ಎತ್ತೋಕೂ ಸ್ವಲ್ಪ ಯೋಚನೆ ಮಾಡ್ತಾರೆ. ಇವಳ ಹೆಸರನ್ನ ದೊಡ್ಡ ಅಕ್ಷರದಲ್ಲಿ ಬರಿ" ಎಂದಳು.

ಹಾಗಾಗಿ ನನ್ನ ಬೇಡಿಕೆ ಇದು. ದೇಶದ ಗುಲಾಮಗಿರಿಯನ್ನು ಐದನೆಯ ಸಲ ರದ್ದು ಮಾಡಿ ಎಂದು ತಮ್ಮನ್ನು ಕೇಳುತ್ತಿಲ್ಲ, ಅಷ್ಟು ದೊಡ್ಡ ಕೆಲಸ ತಮಗೆ ಬೇಡ. ಇಪ್ಪತ್ತೆಂಟರ ಬೆಳಿಗ್ಗೆ ಬಾವುಟ ಏರಿಸುವ ಮೊದಲು ನನ್ನ ಶಾಲೆಗೆ ಬನ್ನಿ. ಕೋಣೆಯ ಬೀಗ ತೆಗೆದಿಟ್ಟಿರುತ್ತೇನೆ. ಸೆಲೇಖಾಳನ್ನೂ ಯಾಗೂತಾಳನ್ನೂ ಒಟ್ಟಿಗೆ ಒಳಗೆ ಕರೆಯಿರಿ. ಒಬ್ಬರು ಒಳಗಿದ್ದು ಇನ್ನೊಬ್ಬರು ಸೀದಾತಿಯವರ ಕೈಯಲ್ಲಿ ಇರಬಾರದು. ಸೀದಾತಿಯವರು ಹೊರಗಿರಲಿ, ನಾನೂ ಹೊರಗಿರುತ್ತೇನೆ. ಚಹಾ ಬೇಡ. ಇವತ್ತು ಸಂಜೆ ನೀವು ವಾಪಸು ಹೋಗಬೇಕಾಗಿಲ್ಲ, ಮೇಷ್ಟ್ರ ಮನೆಯಲ್ಲಿ ಒಂದು ಕೋಣೆ ಖಾಲಿ ಇದೆ ಎಂದು ಮೊದಲು ಅವರಿಗೆ ಹೇಳಿ, ಆಮೇಲೆ ಅದೇ ಪ್ರಶ್ನೆಗಳನ್ನು ಮತ್ತೆ ಕೇಳಿ. ಅವರು ಹೇಳಿದ ಇಡೀ ಮಾತನ್ನು ಬರೆದುಕೊಳ್ಳಿ, ಮೊದಲ ಪದವನ್ನು ಮಾತ್ರ ಅಲ್ಲ. ಯಾಗೂತಾ ಹುಟ್ಟಿದ್ದಾಳೆ ಎಂದು ತಮ್ಮ ಪುಸ್ತಕದಲ್ಲಿ ಬರೆದು ಮೊಹರು ಹಾಕಿ. ಇಷ್ಟಾದ ಮೇಲೂ ಅವಳು ಮನಸಾರೆ, ಮುನೀನಾಳ ಜೊತೆ ಹೋಗುತ್ತೇನೆ ಎಂದರೆ, ತಮ್ಮ ಭಾಷಣವನ್ನು ಒಂದು ಅಕ್ಷರವೂ ಬಿಡದೆ ಓದುತ್ತೇನೆ, ಚಪ್ಪಾಳೆಯನ್ನೂ ನಾನೇ ಶುರು ಮಾಡುತ್ತೇನೆ. ಭಾಷಣದ ಹಾಳೆಯನ್ನು ಈ ಪತ್ರದ ಜೊತೆ ವಾಪಸು ಕಳಿಸಿದ್ದೇನೆ. ಅದರ ಹಿಂಬದಿ ಖಾಲಿಯಿತ್ತು, ಅಲ್ಲಿ ಯಾಗೂತಾ ಬಿಂತ್ ಸೆಲೇಖಾ, ಅಂದರೆ ಸೆಲೇಖಾಳ ಮಗಳು ಯಾಗೂತಾ, ಎಂದು ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ. ಹುಟ್ಟಿದ ತಾರೀಕು ಗೊತ್ತಿಲ್ಲ. ಮುನೀನಾಳದ್ದು ತಮ್ಮ ದಾಖಲೆಯಲ್ಲಿ ಇದ್ದೇ ಇರುತ್ತದೆ, ಅದೇ ವಾರ.

ತಾವು ಬಾರದಿದ್ದರೂ ನಾನು ತಮ್ಮ ಡೇರೆಗೆ ಬರುತ್ತೇನೆ, ಎಲ್ಲರಿಗೂ ಕಾಣುವ ಹಾಗೆ ಮುಂದಿನ ಸಾಲಿನಲ್ಲಿ ಕೂರುತ್ತೇನೆ. ಚಹಾ ಬರುತ್ತದೆ. ಮೊದಲ ಲೋಟ ಕುಡಿಯುತ್ತೇನೆ, ಎರಡನೆಯದನ್ನೂ ಕುಡಿಯುತ್ತೇನೆ. ಮೂರನೆಯದು ಮುಟ್ಟದೆ ತಟ್ಟೆಯ ಮೇಲೇ ಉಳಿಯುತ್ತದೆ, ಏಕೆ ಉಳಿಯಿತೆಂದು ಕೇಳಿದ ಪ್ರತಿಯೊಬ್ಬರಿಗೂ ಹೇಳುತ್ತೇನೆ. ಬಾವಿಯ ಹತ್ತಿರವೇ ಅಕ್ಕನಿಗೆ ತಿಳಿಸಿದ್ದೆ: "ಈ ಸಲ ನೀನು ತಂದುಕೊಟ್ಟರೂ ನಾನು ತಗೊಳ್ಳಲ್ಲ ಕಣಕ್ಕ, ಬೇಜಾರು ಮಾಡ್ಕೋಬೇಡ."

ಅವಳು ತುಂಬಿದ ಕೊಡವನ್ನು ತಲೆಯ ಮೇಲೆ ಇಟ್ಟುಕೊಂಡು, ಸೆರಗು ಸರಿಮಾಡಿಕೊಂಡು, "ಈ ಸಲ ನಾನು ತರೋದೂ ಇಲ್ಲ, ಅದನ್ನೂ ಬರಿ" ಎಂದು ಹೇಳಿ ತಮ್ಮ ಡೇರೆಗಳ ಕಡೆ ನಡೆದಳು.

ಇಂತಿ,
ಮೂರನೆಯ ಲೋಟವನ್ನು ಒಮ್ಮೆ ಕುಡಿದು ತಪ್ಪು ಮಾಡಿದ,
ತಮ್ಮ ಭಾಷಣಕಾರರ ಪಟ್ಟಿಯಿಂದ ಹೆಸರು ಹೊಡೆದುಹಾಕಲು ಅರ್ಹನಾದ,
ಸೆಲೇಖಾಳ ತಮ್ಮ, ಯಾಗೂತಾಳ ಸೋದರಮಾವ,
ಮೌಲೂದ್ ಮೇಷ್ಟ್ರು